ಗಂಡ-ಹೆಂಡ್ತಿ ಬಸ್ಸು

ಬೇವಿನಕುಂಟೆಗೆ ಹೋಗುತ್ತಿದ್ದ ನಮ್ಮ ಬಸ್ಸಿಗೆ ಒಂದು ನಂಬರ್ ಇತ್ತು. ಆ ಕಡೆಯ ಹಳ್ಳಿಗಳಲ್ಲಿ ಯಾರೂ ಆ ನಂಬರ್ ಹೇಳುತ್ತಿರಲಿಲ್ಲ. "ಗಂಡ-ಹೆಂಡ್ತಿ ಬಸ್ಸು ಬಂತಾ?" ಎಂದು ಕೇಳುತ್ತಿದ್ದರು. ಸ್ಟೇರಿಂಗ್ ಹಿಡಿಯುತ್ತಿದ್ದವರು ಮುನಿರಾಜು, ನನ್ನ ಗಂಡ. ಟಿಕೆಟ್ ಬ್ಯಾಗು ಹಾಕಿಕೊಳ್ಳುತ್ತಿದ್ದವಳು ನಾನು, ನಾಗರತ್ನ.

ನಾನು ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಒಬ್ಬ ಹುಡುಗಿಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು ಅಳುಮುಖ ಮಾಡಿಕೊಂಡು ಕೂತಳು. "ಅಕ್ಕ, ಹೊಸಬ್ರಿಗೆ ಹಳ್ಳಿ ರೂಟ್ ಹಾಕ್ಬಿಡ್ತಾರಂತೆ. ಏನ್ಮಾಡ್ಲಿ?" ಎಂದಳು. "ಹಾಕಿದ್ರೆ ಹೋಗು, ಒಳ್ಳೇದು" ಎಂದೆ. ಯಾಕೆ ಒಳ್ಳೆಯದು ಎಂದು ಕೇಳಿದಾಗ ಬಾಯಲ್ಲಿ ಹೇಳಲು ಬರಲಿಲ್ಲ. ನಮ್ಮವರಾಗಿದ್ದರೆ ನಗಿಸುತ್ತಾ ಹೇಳಿ ಮುಗಿಸುತ್ತಿದ್ದರು. ಅವರಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮದುವೆಯಾದ ಹೊಸತರಲ್ಲಿ ನಾವು ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೆವು. ನನ್ನದು ಪೀಣ್ಯದ ರೂಟು. ಫ್ಯಾಕ್ಟರಿ ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸು ಒಂದು ಕಡೆಗೆ ವಾಲಿಕೊಂಡು ಹೋಗುತ್ತಿತ್ತು. ಆ ಜಂಗುಳಿಯಲ್ಲಿ ಕಂಡಕ್ಟರ್‌ಗೆ ಮುಖಗಳು ಕಾಣುವುದಿಲ್ಲ, ಬರೀ ಕೈಗಳು ಕಾಣುತ್ತವೆ. ಗ್ರೀಸ್ ಹತ್ತಿದ ಕೈ, ಸೂಜಿ ಚುಚ್ಚಿದ ಕೈ, ಸಿಮೆಂಟು ಮೆತ್ತಿದ ಕೈ. ರಾಯಚೂರು ಕಡೆಯ ಹುಡುಗರು ಫುಟ್‌ಬೋರ್ಡಿನಿಂದಲೇ "ಯಕ್ಕಾ, ಇಲ್ಲೊಂದ್ ಟಿಕೆಟ್ ಕೊಡ್ರೀ, ಬೀಳಾಕ್ಹತ್ತೀನಿ" ಎಂದು ಕೂಗುತ್ತಿದ್ದರು. ಬೀಳುತ್ತಿರುವವನಿಗೂ ಟಿಕೆಟ್ ಬೇಕು! ನಗು ಬರುತ್ತಿತ್ತು, ನಗಲು ಪುರುಸೊತ್ತಿರಲಿಲ್ಲ.

ನಮ್ಮವರದು ಬೇರೆ ಡಿಪೊ. ಬೆಳ್ಳಂದೂರು ಮೇಲೆ ವೈಟ್‌ಫೀಲ್ಡಿಗೆ ಹೋಗುವ ಬಸ್ಸು. ನನ್ನದು ಬೆಳಗಿನ ಪಾಳಿಯಾದರೆ ಅವರದು ಮಧ್ಯಾಹ್ನದ್ದು. ನಾನು ಮನೆಗೆ ಬರುವಾಗ ಅವರು ಶೂ ಹಾಕಿಕೊಳ್ಳುತ್ತಿದ್ದರು. ಮನೆ ಓನರ್ ಹೆಂಗಸು ಒಂದು ದಿನ ಕೇಳಿಯೇ ಬಿಟ್ಟಳು: "ಅಲ್ಲಮ್ಮ, ನಿಮ್ಮನೇಲಿರೋದು ಇಬ್ರಾ, ಒಬ್ಬರಾ? ಜೊತೇಲಿ ನೋಡೇ ಇಲ್ವಲ್ಲ!"

ನಮಗೆ ಮಕ್ಕಳಾಗಲಿಲ್ಲ. ಅದರ ವಿಷಯ ಇಲ್ಲಿ ಬೇಡ. ಇಬ್ಬರೇ ಇರುವ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಇರಲಾಗುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಹೇಳುತ್ತೇನೆ. ಆಗ ನನಗೆ ಒಂದೇ ಆಸೆ ಇತ್ತು. ಪ್ರಮೋಷನ್ ಬೇಡ, ಆಫೀಸಿನ ಕೆಲಸ ಬೇಡ. ಅವರು ಓಡಿಸುವ ಬಸ್ಸಿನಲ್ಲಿ ನನಗೆ ಡ್ಯೂಟಿ ಬೇಕು.

ಗಂಡ ಇರುವಲ್ಲಿಗೆ ಹೆಂಡತಿ ವರ್ಗ ಕೇಳಬಹುದು ಎಂದು ಯಾರೋ ಹೇಳಿದರು. ಕೇಳಿದೆ. ತಡವಾಗಿಯಾದರೂ ಸಿಕ್ಕಿತು. ಕಾಡುಗೋಡಿಗೆ ಮನೆ ಬದಲಾಯಿಸಿದೆವು. ಒಂದೇ ಡಿಪೊಗೆ ಬಂದರೆ ಸಾಲದು, ಒಂದೇ ಬಸ್ಸು ಸಿಗಬೇಕಲ್ಲ? ಡಿಪೊದಲ್ಲಿ ಆಗಾಗ ಎಲ್ಲರನ್ನೂ ಕರೆದು ಯಾರಿಗೆ ಯಾವ ರೂಟು ಬೇಕೆಂದು ಕೇಳುತ್ತಾರೆ. ಸರ್ವೀಸ್ ಜಾಸ್ತಿ ಇರುವವರು ಮೊದಲು ಆರಿಸಿಕೊಳ್ಳುತ್ತಾರೆ. ಒಳ್ಳೊಳ್ಳೆಯ ರೂಟುಗಳೆಲ್ಲ ಮೇಲಿನವರಿಗೆ ಹೋದವು. ಕೊನೆಗೆ ಯಾರೂ ಮುಟ್ಟದೆ ಉಳಿದದ್ದು ಬೇವಿನಕುಂಟೆ. ಓಟಿ ಇಲ್ಲ, ಇನ್ಸೆಂಟಿವ್ ಇಲ್ಲ, ಅರ್ಧ ದಾರಿ ಡಾಂಬರಿಲ್ಲ. ಯಾರಿಗಾದರೂ ಬುದ್ಧಿ ಕಲಿಸಬೇಕೆಂದರೆ ಆ ರೂಟಿಗೆ ಹಾಕುತ್ತಿದ್ದರು.

ನಮ್ಮವರು ಎದ್ದು ನಿಂತು, "ನಾನೂ ನಮ್ಮನೆಯವ್ರೂ ತಗೋತೀವಿ ಸಾರ್" ಎಂದರು.

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗುಮಾಸ್ತರು ಕನ್ನಡಕ ಮೇಲೇರಿಸಿ, "ಏನ್ರೀ ಮುನಿರಾಜು, ಸರ್ಕಾರಿ ಖರ್ಚಲ್ಲಿ ಹನಿಮೂನಾ?" ಎಂದರು.

"ಹಿಂಗಾದ್ರೂ ಆಗ್ಲಿ ಬಿಡಿ ಸಾರ್, ಮದ್ವೆ ಆದಾಗ ರಜೆ ಕೊಟ್ಟಿರ್ಲಿಲ್ವಲ್ಲ" ಎಂದರು ನಮ್ಮವರು.

ನಾನು ತಲೆ ತಗ್ಗಿಸಿಕೊಂಡಿದ್ದೆ. ಒಳಗೊಳಗೆ ಕುಣಿಯುತ್ತಿದ್ದೆ.

ಆ ದಾರಿ ಹೇಗಿತ್ತೆಂದು ಹೇಳಬೇಕು. ಡಿಪೊ ಬಿಟ್ಟು ಕಾಡುಗೋಡಿ ದಾಟುವವರೆಗೆ ಗಾಜಿನ ಕಟ್ಟಡಗಳು, ಕಂಪನಿ ಬಸ್ಸುಗಳು, ಹಾರ್ನು. ಆಮೇಲೆ ಅಪಾರ್ಟ್‌ಮೆಂಟಿನ ಬೋರ್ಡುಗಳು ಮಾತ್ರ ಇರುತ್ತಿದ್ದವು, ಅಪಾರ್ಟ್‌ಮೆಂಟು ಇನ್ನೂ ಬಂದಿರಲಿಲ್ಲ. ಅದೂ ಮುಗಿದ ಮೇಲೆ ನೀಲಗಿರಿ ತೋಪುಗಳು, ರಾಗಿ ಹೊಲ, ಸೇವಂತಿಗೆ ತೋಟ. ಬೇವಿನಕುಂಟೆ ಗೇಟ್ ಎನ್ನುವ ಕಡೆ ಮೇನ್ ರೋಡು ಬಿಟ್ಟು ಒಳಗೆ ತಿರುಗಬೇಕು. ಅಲ್ಲಿಂದ ಇಟ್ಟಿಗೆ ಗೂಡು, ಹಾಲಿನ ಡೈರಿ, ಹೊಸಹಟ್ಟಿ ಕಲ್ಲು, ಆಮೇಲೆ ಕೆರೆ ಏರಿ, ಏರಿ ಇಳಿದರೆ ಬೇವಿನಕುಂಟೆ. ದಾರಿಯೇನೋ ಉದ್ದ, ಮನೆಗಳು ಅಲ್ಲೊಂದು ಇಲ್ಲೊಂದು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ನಾವಿಬ್ಬರೇ. ನಾನು ಮುಂದಿನ ಸೀಟಿಗೆ ಹೋಗಿ ಕೂರುತ್ತಿದ್ದೆ. ಅವರು ಕನ್ನಡಿಯಲ್ಲಿ ನೋಡಿ, "ಏನ್ ಮೇಡಂ, ಟಿಕೆಟ್ ತಗೊಂಡಿದೀರಾ?" ಎನ್ನುತ್ತಿದ್ದರು. "ನಂದು ಪಾಸ್ ಕಣ್ರೀ, ಮುಂದೆ ನೋಡ್ಕೊಂಡ್ ಓಡ್ಸಿ" ಎನ್ನುತ್ತಿದ್ದೆ. ನಮ್ಮ ಸಂಸಾರ ನಡೆದದ್ದು ಅಲ್ಲೇ. ಅಕ್ಕಿ ಮುಗಿದಿದ್ದು, ನಾದಿನಿ ಮುನಿಸಿಕೊಂಡಿದ್ದು, ಅವರ ಸಕ್ಕರೆ ಕಾಯಿಲೆ, ನನ್ನ ಮಂಡಿನೋವು, ಎಲ್ಲ ಮಾತೂ ಆ ನೀಲಗಿರಿ ತೋಪಿನ ಮಧ್ಯೆ ಆಡಿ ಮುಗಿಸುತ್ತಿದ್ದೆವು. ಮನೆಗೆ ಹೋದ ಮೇಲೆ ಸುಮ್ಮನೆ ಊಟ ಮಾಡಿ ಮಲಗುವುದು.

ನಾವು ಗಂಡ ಹೆಂಡತಿ ಎಂದು ಊರಿನವರಿಗೆ ಹೇಳಿರಲಿಲ್ಲ. ಕಂಡುಹಿಡಿದದ್ದು ಬೇವಿನಕುಂಟೆಯ ಮುನಿಯಮ್ಮಜ್ಜಿ. ದಿನಾ ಹೂವಿನ ಮಂಕರಿ ಹೊತ್ತು ಕಾಡುಗೋಡಿ ಮಾರ್ಕೆಟ್ಟಿಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಏರಿಯ ಮೇಲೆ ಬಸ್ಸು ಗುಂಡಿಗೆ ಬಿದ್ದು ಎಗರಿತು. ನನ್ನ ಹಣೆ ಕಂಬಿಗೆ ಬಡಿಯಿತು. ನಮ್ಮವರು ಗಾಬರಿಯಲ್ಲಿ ಹಿಂತಿರುಗಿ, "ರತ್ನ, ಏನಾಯ್ತೇ?" ಎಂದುಬಿಟ್ಟರು.

ಅಜ್ಜಿ ಮಂಕರಿಯ ಮೇಲೆ ಕೈಯಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡಿದಳು. "ಏಯ್ ಮುನಿರಾಜ, ಕಂಡಕ್ಟ್ರಮ್ಮುನ್ನ 'ಏನಾಯ್ತೇ' ಅಂತೀಯಲ್ಲ, ಅವ್ಳೇನು ನಿನ್ ಎಂಡ್ರಾ?"

"ಊಂ ಕಣಜ್ಜಿ."

"ಅಂಗಾರೆ ಸರಿ. ಇಲ್ದಿದ್ರೆ ಇವತ್ತು ನಿನ್ ಕಿವಿ ಇಂಡ್ತಿದ್ದೆ!"

ಆವತ್ತಿನಿಂದ ಆ ಹೆಸರು ನಿಂತಿತು. ಅಜ್ಜಿ ದಿನಾ ನನಗೆ ಒಂದು ಮೊಳ ಹೂವು ಮುಡಿಸಿಯೇ ಇಳಿಯುತ್ತಿದ್ದಳು. ಡ್ಯೂಟಿಯಲ್ಲಿ ಬೇಡಜ್ಜಿ ಎಂದರೆ, "ಗಂಡ ಮುಂದ್ಗಡೆ ಕುಂತವ್ನೆ, ಮುಡ್ಕಳವ್ವ" ಎನ್ನುತ್ತಿದ್ದಳು.

ಹೊಸಬರಿಗೆ ಇಲ್ಲಿ ಒಂದು ಮಾತು. ಪಟ್ಟಣದ ರೂಟಿನಲ್ಲಿ ಜನ ಬಸ್ಸಿಗೆ ಕಾಯುತ್ತಾರೆ. ಒಂದು ಬಿಟ್ಟರೆ ಇನ್ನೊಂದು ಬರುತ್ತದೆ. ಮನೆಗಳೇ ಇಲ್ಲದ ದಾರಿಯಲ್ಲಿ ಒಂದೇ ಬಸ್ಸು ಇರುವಾಗ, ಬಸ್ಸೂ ಜನರಿಗೆ ಸ್ವಲ್ಪ ಕಾಯಬೇಕಾಗುತ್ತದೆ. ಎಷ್ಟು ಕಾಯಬೇಕು, ಯಾರಿಗೆ ಕಾಯಬೇಕು ಎನ್ನುವುದು ರೂಲ್ಸ್ ಪುಸ್ತಕದಲ್ಲಿ ಇಲ್ಲ. ಊರಿನವರೇ ಒಂದು ಪದ್ಧತಿ ಮಾಡಿಕೊಂಡಿದ್ದರು.

ಹೊಸಹಟ್ಟಿ ಎನ್ನುವುದು ರಸ್ತೆಯಿಂದ ಒಳಗೆ, ತೋಪಿನ ಆಚೆ ಇತ್ತು. ಅಲ್ಲಿಂದ ಡೈರಿಗೆ ಹಾಲು ತರುವ ಚನ್ನಪ್ಪ ಬೆಳಿಗ್ಗೆ ಸೈಕಲ್ಲಿನಲ್ಲಿ ಎಲ್ಲರಿಗಿಂತ ಮುಂಚೆ ರಸ್ತೆಗೆ ಬರುತ್ತಿದ್ದ. ಹಿಂದೆ ಯಾರಾದರೂ ಬಸ್ಸಿಗೆಂದು ನಡೆದು ಬರುತ್ತಿದ್ದರೆ, ರಸ್ತೆ ಪಕ್ಕದ ಕಲ್ಲಿನ ಮೇಲೆ ನೀಲಗಿರಿ ಸೊಪ್ಪು ಇಟ್ಟು ಹೋಗುತ್ತಿದ್ದ. ಸೊಪ್ಪು ಕಂಡರೆ ನಾವು ನಿಲ್ಲಿಸಿ ಕಾಯುತ್ತಿದ್ದೆವು. ಕಲ್ಲು ಬರಿದಾಗಿದ್ದರೆ ಹೋಗುತ್ತಿದ್ದೆವು. ಯಾರಿಗೂ ತೊಂದರೆ ಇರಲಿಲ್ಲ.

ಒಂದು ಸಲ ತೋಪಿನ ನೀಲಗಿರಿಯನ್ನೆಲ್ಲ ಕಡಿದು ಲಾರಿಗೆ ತುಂಬಿಬಿಟ್ಟಿದ್ದರು. ಚನ್ನಪ್ಪನಿಗೆ ಕೈಗೆ ಸಿಕ್ಕಿದ್ದು ಹಲಸಿನ ಸೊಪ್ಪು. ಅದನ್ನೇ ಇಟ್ಟು ಹೋದ. ನಾವು ಬಂದು ನೋಡಿದಾಗ ಕಲ್ಲಿನ ಮೇಲೆ ಏನೂ ಇರಲಿಲ್ಲ. ಮುಂದೆ ಹೊರಟೆವು. ಡೈರಿ ಹತ್ತಿರ ಚನ್ನಪ್ಪ ಬಸ್ಸಿನೊಳಗೆ ಇಣುಕಿದ.

"ಎಲ್ಲಣ್ಣ, ಶಶಿಕಲಾ ಅತ್ಲಿಲ್ವಾ?"

"ಯಾರೂ ಇರ್ಲಿಲ್ಲಪ್ಪ ಅಲ್ಲಿ. ಸೊಪ್ಪೂ ಇರ್ಲಿಲ್ಲ" ಎಂದರು ನಮ್ಮವರು.

"ಮಡಗಿದ್ನಲ್ಲಣ್ಣ! ದೊಡ್ ಕೊಂಬೆ ಮಡಗಿದ್ದೆ! ಇವತ್ತು ಆ ಮಗೀಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಣಣ್ಣ!"

ನಮ್ಮವರು ಡೈರಿ ಅಂಗಳಕ್ಕೆ ಬಸ್ಸು ಹತ್ತಿಸಿ ತಿರುಗಿಸಿದರು. ಒಳಗೆ ಔಷಧಿ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಕೂತಿದ್ದ. "ಹಲೋ ಡ್ರೈವರ್, ಹಿಂದಕ್ಕೆ ಯಾಕ್ರೀ ಹೋಗ್ತಿದೀರಾ? ನಂಗೆ ಲೇಟ್ ಆಗುತ್ತೆ" ಎಂದ. ಮುನಿಯಮ್ಮಜ್ಜಿ, "ಪರೀಕ್ಷೆ ನಿಂದೋ ಅವ್ಳದೋ? ಕುತ್ಕಳಪ್ಪ" ಎಂದಳು. ಅವನು ಕೂತ.

ಹೋಗಿ ನೋಡಿದರೆ ಹುಡುಗಿ ರಸ್ತೆಯಲ್ಲಿ ನಿಂತು ಅಳುತ್ತಿದ್ದಾಳೆ. ಕಲ್ಲಿನ ಪಕ್ಕ ಒಂದು ಮೇಕೆ. ಅದರ ಬಾಯಿಂದ ಹಲಸಿನ ಎಲೆಯೊಂದು ಇನ್ನೂ ಹೊರಗೆ ನೇತಾಡುತ್ತಿದೆ. ನೀಲಗಿರಿಯನ್ನು ಮೇಕೆ ಮೂಸುವುದಿಲ್ಲ, ಹಲಸು ಕಂಡರೆ ಬಿಡುವುದಿಲ್ಲ ಎನ್ನುವುದು ಆಗ ನಮಗೆಲ್ಲ ಹೊಳೆಯಿತು.

ಹುಡುಗಿ ಹತ್ತಿದಳು. ನಮ್ಮ ಗ್ರಹಚಾರಕ್ಕೆ ಮತ್ತೆ ಡೈರಿಗೆ ಬರುವ ಮುಂಚೆಯೇ ಚೆಕಿಂಗ್‌ನವರ ಜೀಪು ಎದುರಾಯಿತು. ಎಲ್ಲಿರಬೇಕಾದ ಬಸ್ಸು ಎಲ್ಲಿದೆ ಎಂದು ಬರೆದುಕೊಂಡರು. ಮಾರನೆಯ ದಿನ ಡಿಪೊ ಮ್ಯಾನೇಜರ್ ಮುಂದೆ ನಿಂತೆವು. ಅವರು ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ನಮ್ಮವರು ಕೊಟ್ಟ ವಿವರಣೆಯನ್ನು ಗಟ್ಟಿಯಾಗಿ ಓದಿದರು: "'ಮೇಕೆ ಸೊಪ್ಪು ತಿಂದ ಕಾರಣ ಬಸ್ಸನ್ನು ಹಿಂದಕ್ಕೆ ತಿರುಗಿಸಲಾಯಿತು.' ಏನ್ರೀ ಇದು? ಇದನ್ನ ನಾನು ಹೆಡ್ ಆಫೀಸಿಗೆ ಹೆಂಗ್ರೀ ಕಳಿಸ್ಲಿ?"

"ಮೇಕೆ ತೆಗೆದು ಜಾನುವಾರು ಅಂತ ಹಾಕ್ಲಾ ಸಾರ್?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮ್ಯಾನೇಜರ್ ಕುರ್ಚಿ ತಿರುಗಿಸಿ ಕಿಟಕಿ ಕಡೆಗೆ ಮುಖ ಮಾಡಿದರು. ಅವರ ಭುಜ ಅಲುಗುತ್ತಿತ್ತು. ತಿರುಗಿದಾಗ ಮುಖ ಮತ್ತೆ ಗಂಟಾಗಿತ್ತು. "ಇಬ್ಬರಿಗೂ ವಾರ್ನಿಂಗ್. ಹೋಗಿ" ಎಂದರು. ಶಶಿಕಲಾ ಪಾಸಾದಳು. ಬಸ್ಸಿಗೆಲ್ಲ ಹಂಚಲು ಕಡ್ಲೆಪುರಿ ತಂದಿದ್ದಳು. ಚನ್ನಪ್ಪ ಆಮೇಲೆ ಯಾವ ಕಾಲದಲ್ಲೂ ಹಲಸು ಮುಟ್ಟಲಿಲ್ಲ.

ಹೀಗೆ ವರ್ಷಗಳು ಹೋದವು. ಆಮೇಲೆ ಟಿಕೆಟ್ ಮೆಷಿನ್ ಬಂತು.

ಅದಕ್ಕೆ ಮುಂಚೆ ಬಣ್ಣಬಣ್ಣದ ಟಿಕೆಟ್ ಕಟ್ಟುಗಳಿದ್ದವು. ಬೆರಳಿಗೆ ಎಂಜಲು ಹಚ್ಚಿ ಹರಿದು ಕೊಡುತ್ತಿದ್ದೆವು. ಮೆಷಿನ್ ಬಂದಾಗ ನನಗೆ ಯಾವುದನ್ನು ಒತ್ತಬೇಕೆಂದು ತಿಳಿಯುತ್ತಿರಲಿಲ್ಲ, ನಮ್ಮವರೇ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬಸ್ಸು ನಿಲ್ಲಿಸಿ ಗುಂಡಿಗಳನ್ನು ಹೇಳಿಕೊಟ್ಟರು. ಮೆಷಿನ್ ಒಳ್ಳೆಯದೇ, ಕೆಲಸ ಸುಲಭವಾಯಿತು. ಆದರೆ ಅದಕ್ಕೆ ಗೊತ್ತಿದ್ದದ್ದು ಟಿಕೆಟ್ ಒಂದೇ. ನಮ್ಮ ಬಸ್ಸಿನಲ್ಲಿ ಬರುತ್ತಿದ್ದವರು ಹೆಚ್ಚಿನವರು ಪಾಸಿನ ಮಕ್ಕಳು, ಪಾಸಿನ ಗಾರ್ಮೆಂಟ್ಸ್ ಹೆಂಗಸರು. ಟಿಕೆಟ್ ಕೊಳ್ಳುವ ಗಂಡಸರನ್ನು ನಮಗಿಂತ ಸ್ವಲ್ಪ ಮುಂಚೆ ಬಂದು ಆಪೆ ಆಟೋದವನು ಎತ್ತಿಕೊಂಡು ಹೋಗುತ್ತಿದ್ದ. ಹಾಗಾಗಿ ಆಫೀಸಿನ ಕಂಪ್ಯೂಟರಿನಲ್ಲಿ ಗೇಟ್‌ನಿಂದ ಆಚೆಗೆ ನಮ್ಮ ಬಸ್ಸು ಖಾಲಿ ಓಡುತ್ತಿತ್ತು.

ಮ್ಯಾನೇಜರ್ ಕರೆದರು. "ನೋಡ್ರಮ್ಮ, ಮೇಲಿಂದ ಕೇಳ್ತಿದಾರೆ. ಬೇವಿನಕುಂಟೆವರೆಗೂ ಹೋಗೋದು ದಂಡ ಅಂತಿದಾರೆ. ಗೇಟಿಗೆ ನಿಲ್ಸಿ ವಾಪಸ್ ತಿರುಗ್ಸಿ ಅಂತ. ಒಬ್ಬ ಇನ್ಸ್‌ಪೆಕ್ಟರ್ ಬಂದು ನೋಡಿ ರಿಪೋರ್ಟ್ ಕೊಡ್ತಾರೆ, ಆಮೇಲೆ ತೀರ್ಮಾನ" ಎಂದರು.

ಹೊರಗೆ ಬಂದು ಇಬ್ಬರೂ ಬಸ್ಸಿನ ನೆರಳಿನಲ್ಲಿ ನಿಂತೆವು. ಗೇಟಿಗೆ ನಿಲ್ಲಿಸಿದರೆ ಅಜ್ಜಿ ಮಂಕರಿ ಹೊತ್ತು ಅಷ್ಟು ದೂರ ನಡೆಯಬೇಕು. ಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರುವುದಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಅದಷ್ಟೇ ಅಲ್ಲ. ಆ ರೂಟು ಹೋದರೆ ನಮ್ಮಿಬ್ಬರನ್ನು ಮತ್ತೆ ಬೇರೆ ಬೇರೆ ಬಸ್ಸಿಗೆ ಹಾಕುತ್ತಾರೆ. ನಮ್ಮವರಿಗೂ ಅದೇ ಯೋಚನೆ ಇತ್ತೆಂದು ಕಾಣುತ್ತದೆ. "ಸುಮ್ನಿರು, ಏನಾದ್ರೂ ಮಾಡೋಣ" ಎಂದರು.

ಅವರು ಮಾಡಿದ್ದು ಇಷ್ಟೇ. ಇನ್ಸ್‌ಪೆಕ್ಟರ್ ಬರುವ ದಿನವನ್ನು ಮುನಿಯಮ್ಮಜ್ಜಿಯ ಕಿವಿಗೆ ಹಾಕಿದರು. "ಅಜ್ಜಿ, ಬುಧವಾರ ಸಾಹೇಬ್ರು ಬರ್ತಾರೆ. ಆಟೋ ಹತ್ತೋರು ಅವತ್ತೊಂದಿನ ನಮ್ ಬಸ್ ಹತ್ಲಿ" ಎಂದರು.

ಬುಧವಾರ ಬೇವಿನಕುಂಟೆಗೆ ಹೋಗಿ ನಿಲ್ಲಿಸಿದೆವು. ಊರಿಗೆ ಊರೇ ಅರಳಿಕಟ್ಟೆಯ ಹತ್ತಿರ ನಿಂತಿತ್ತು. ಹೊಸಹಟ್ಟಿಯವರೂ ಇಲ್ಲಿಗೇ ನಡೆದು ಬಂದಿದ್ದರು. ಎಂದೂ ಹೊರಗೆ ಬಾರದ ಬಾಣಂತಿ, ಕೋಳಿ ಹಿಡಿದ ಮುದುಕ, ಹೊಸ ಸೀರೆ ಉಟ್ಟ ಹೆಂಗಸರು, ಎಲ್ಲ ಇದ್ದರು. ಗ್ರಾಮ ಪಂಚಾಯ್ತಿ ಮೆಂಬರೂ ತಮ್ಮ ಬೈಕು ಬಿಟ್ಟು ಬಂದಿದ್ದರು. ಮುಂದಿನ ಸೀಟಿನಲ್ಲಿದ್ದ ಇನ್ಸ್‌ಪೆಕ್ಟರ್ ಕಣ್ಣು ಕಣ್ಣು ಬಿಟ್ಟರು. ನುಗ್ಗಿದ್ದೇ ನುಗ್ಗಿದ್ದು. ನನಗೆ ಪೀಣ್ಯ ನೆನಪಾಯಿತು.

"ಎಲ್ಲಿಗಜ್ಜ?" ಎಂದು ಕೋಳಿಯ ಮುದುಕನನ್ನು ಕೇಳಿದೆ.

"ಎಲ್ಲಿಗಾನ ಕೊಡು ತಾಯಿ."

"ಎಲ್ಲಿಗಾದ್ರೂ ಅಂದ್ರೆ ಹೆಂಗಜ್ಜ?"

ಹಿಂದಿನಿಂದ ಅಜ್ಜಿ ಗದರಿದಳು. "ಕಾಡುಗೋಡಿ ಅನ್ನೋ ಮೂದೇವಿ! ಯೋಳಿಕೊಟ್ಟಿರ್ನಿಲ್ವಾ?"

ನಗು ತಡೆಯಲು ನಾನು ಮೆಷಿನ್ನಿನೊಳಗೆ ಮುಖ ಹುದುಗಿಸಿದೆ. ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಅಷ್ಟು ಸಂತೋಷವಾಗಿ ಅವರನ್ನು ನಾನು ನೋಡಿದ್ದು ಕಡಿಮೆ.

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ಬೆವರು ಒರೆಸಿಕೊಂಡು ಇಳಿದವರು, "ಅಯ್ಯೋ ಪಾಪ, ಇಷ್ಟೊಂದು ಜನ ಈ ಚಿಕ್ಕ ಬಸ್ಸಲ್ಲಿ ಹೆಂಗಮ್ಮ ಓಡಾಡ್ತಾರೆ? ನಾನು ಬರೀತೀನಿ ಬಿಡಿ" ಎಂದರು. ಹೇಳಿದಂತೆ ಬರೆದರು. ಜನ ಹೆಚ್ಚು, ಬಸ್ಸು ಸಾಲದು, ಹೊಸ ದೊಡ್ಡ ಬಸ್ಸು ಕೊಡಬೇಕು.

ದೊಡ್ಡ ಬಸ್ಸು ಬಂತು. ಉದ್ದನೆಯದು, ನೆಲ ತಗ್ಗಿನದು, ಸಿಟಿಯ ರಸ್ತೆಗೆಂದು ಮಾಡಿದ್ದು. ಡಿಪೊದಲ್ಲಿ ಅದಕ್ಕೆ ಹಾರ ಹಾಕಿ ಕಾಯಿ ಒಡೆದು ಹೊರಟೆವು. ಕೆರೆ ಏರಿಯ ಮೇಲೆ, ತೂಬಿನ ಹತ್ತಿರ ರಸ್ತೆ ಮೊಣಕೈಯಂತೆ ತಿರುಗುತ್ತದೆ. ನಮ್ಮ ಹಳೆಯ ಬಸ್ಸನ್ನು ನಮ್ಮವರು ಅಲ್ಲಿ ಕಣ್ಣುಮುಚ್ಚಿ ತಿರುಗಿಸುತ್ತಿದ್ದರು. ಇದು ಸುತಾರಾಂ ತಿರುಗಲಿಲ್ಲ. ಮೂತಿ ನೀರಿನ ಕಡೆ, ಹಿಂಭಾಗ ಹೊಲದ ಕಡೆ. ನಾನು ಇಳಿದು ಹಿಂದೆ ನಿಂತು ವಿಷಲ್ ಊದುತ್ತಾ ಬಂದೆ, ಅವರು ಏರಿಯ ಉದ್ದಕ್ಕೂ ಬಸ್ಸನ್ನು ಹಿಮ್ಮುಖವಾಗಿ ತಂದರು. ಆಚೆ ದಡದಲ್ಲಿ ಬೇವಿನಕುಂಟೆಯವರು ಡೋಲು ತಂದು ನಿಂತಿದ್ದರು. ಬಸ್ಸು ಹಿಂದಕ್ಕೆ ಹೋಗುವುದನ್ನು ನೋಡುತ್ತಾ ಡೋಲು ನಿಲ್ಲಿಸಿದರು.

ಮ್ಯಾನೇಜರ್ ಏನು ಮಾಡಿಯಾರು? ದೊಡ್ಡ ಬಸ್ಸು ಕೊಟ್ಟಾಗಿದೆ, ಹಳೆಯದು ಸ್ಕ್ರ್ಯಾಪಿಗೆ ಹೋಗಿದೆ. ಗೇಟಿಗೆ ನಿಲ್ಲಿಸಿ ಎಂದರು. ಮಿಕ್ಕ ಸಮಯದಲ್ಲಿ ವೈಟ್‌ಫೀಲ್ಡ್ ಟೆಕ್ ಪಾರ್ಕಿಗೆ ಇನ್ನೊಂದೆರಡು ಟ್ರಿಪ್ ಸೇರಿಸಿದರು. ಕಲೆಕ್ಷನ್ ಬಂತು, ಇನ್ಸೆಂಟಿವ್ ಬಂತು. ಮುಂದಿನ ಸಲ ರೂಟು ಆರಿಸುವಾಗ ಸರ್ವೀಸಿನಲ್ಲಿ ನಮಗಿಂತ ಹಿರಿಯರೊಬ್ಬರು ಎದ್ದು ನಿಂತು, "ಬೇವಿನಕುಂಟೆ ಗೇಟು ನಂಗಿರ್ಲಿ" ಎಂದರು. ಯಾರಿಗೂ ಬೇಡವಾಗಿದ್ದ ರೂಟು ಎಲ್ಲರಿಗೂ ಬೇಕಾಗಿತ್ತು. ಊರಿನವರು ನಮ್ಮ ಮೇಲಿನ ಪ್ರೀತಿಗೆ ಬಸ್ಸು ತುಂಬಿಸಿದ್ದರು. ಅದರಿಂದಲೇ ಬಸ್ಸು ಅವರಿಗೂ ತಪ್ಪಿತು, ನಮಗೂ ತಪ್ಪಿತು.

ಒಂದು ಸಲ ರಜೆಯ ದಿನ ನಾವಿಬ್ಬರೂ ಗೇಟಿನಲ್ಲಿ ಇಳಿದು ನಡೆದುಕೊಂಡೇ ಬೇವಿನಕುಂಟೆಗೆ ಹೋಗಿಬಂದೆವು. ನಮ್ಮವರು ದಾರಿಯುದ್ದಕ್ಕೂ, "ಇಲ್ಲಿ ಸೆಕೆಂಡ್ ಗೇರ್, ಇಲ್ಲಿ ಹಾರ್ನ್" ಎನ್ನುತ್ತಿದ್ದರು. ಅಜ್ಜಿ ಮುದ್ದೆ ಸಾರು ಇಕ್ಕಿದಳು. "ಬಸ್ ಬರ್ದಿದ್ರೂ ನೀವು ಬರ್ರಪ್ಪ" ಎಂದಳು. ಬರುತ್ತೇವೆ ಎಂದೆವು. ಫೋನ್ ನಂಬರು ತೆಗೆದುಕೊಳ್ಳುವುದು ಹೊಳೆಯಲಿಲ್ಲ. ದಿನಾ ಸಿಗುತ್ತಿದ್ದವರ ನಂಬರು ಯಾರು ಇಟ್ಟುಕೊಳ್ಳುತ್ತಾರೆ?

ಮತ್ತೆ ಹೋಗಲಾಗಲಿಲ್ಲ. ನನಗೆ ಬೆಳಗಿನ ಪಾಳಿ, ಅವರಿಗೆ ಮಧ್ಯಾಹ್ನದ್ದು, ಲಗ್ಗೆರೆಯ ದಿನಗಳು ಹಿಂತಿರುಗಿ ಬಂದಂತಾಯಿತು. ಮಾರತ್ತಹಳ್ಳಿ ಸೇತುವೆಯ ಹತ್ತಿರ ಕೆಲವು ದಿನ ನಮ್ಮ ಬಸ್ಸುಗಳು ಎದುರುಬದುರಾಗುತ್ತಿದ್ದವು. ಅವರು ಹೆಡ್‌ಲೈಟ್ ಮಿಣುಕಿಸುತ್ತಿದ್ದರು. ನಾನು ಕಿಟಕಿಯಿಂದ ಕೈಯೆತ್ತುತ್ತಿದ್ದೆ. ನಮ್ಮ ಬಸ್ಸಿನ ಡ್ರೈವರ್, "ಅಕ್ಕ, ಅಣ್ಣಂಗೆ ಮೆಸೇಜ್ ಹೋಯ್ತಾ?" ಎಂದು ರೇಗಿಸುತ್ತಿದ್ದ.

ಒಂದು ಬೆಳಿಗ್ಗೆ ನಾನು ಡ್ಯೂಟಿಯಲ್ಲಿದ್ದೆ. ಅವರು ಮನೆಯಲ್ಲಿ ಶೇವ್ ಮಾಡಿಕೊಳ್ಳಲು ಕೂತವರು ಹಾಗೆಯೇ ಗೋಡೆಗೆ ಒರಗಿದ್ದರಂತೆ. ಪಕ್ಕದ ಮನೆಯವರು ನೋಡಿದರು. ಡಿಪೊಗೆ ಫೋನ್ ಬಂತು. ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು, ಏನೆಂದು ಯಾರೂ ಹೇಳಲಿಲ್ಲ. ಯಾರೂ ಹೇಳದೆಯೇ ಗೊತ್ತಾಯಿತು.

ಆಮೇಲೆ ನಾನೂ ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಡಿಪೊದಲ್ಲಿ ಬೋರ್ಡಿನ ಮೇಲೆ ಬರೆದಿದ್ದರು. ನೆಂಟರಿಗೆ ಮೈದುನ ತಿಳಿಸಿದ. ಬೀದಿಯವರು ಕಣ್ಣಾರೆ ನೋಡಿದ್ದರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನನ್ನ ಮುಂದೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಕೆಲಸಕ್ಕೆ ಹೋದೆ. ಟಿಕೆಟ್ ಕೊಟ್ಟೆ, ಮನೆಗೆ ಬಂದೆ. ಅವರು ಹೋದರು ಎನ್ನುವ ಮಾತನ್ನು ನನ್ನ ಬಾಯಿ ಒಂದು ಸಲವೂ ಆಡಲಿಲ್ಲ.

ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮುಂಚೆ ಮ್ಯಾನೇಜರ್ ಕರೆದರು. ಹಳಬರು ಹೋಗಿ ಬೇರೆಯವರು ಬಂದಿದ್ದರು. "ಅಮ್ಮ, ಬೇವಿನಕುಂಟೆಗೆ ಸೋಮವಾರದಿಂದ ಮಿನಿ ಬಸ್ ಬಿಡ್ತಿದೀವಿ. ಊರವರು ಅರ್ಜಿ ಮೇಲೆ ಅರ್ಜಿ ಹಾಕಿದ್ರು. ಆ ರೂಟು ಹಿಂದೆ ನಿಮ್ಮದೇ ಆಗಿತ್ತಂತೆ" ಎಂದರು.

"ಕಂಡಕ್ಟರ್ ಯಾರು ಸಾರ್?" ಎಂದೆ.

"ಕಂಡಕ್ಟರ್ ಇಲ್ಲಮ್ಮ. ಡ್ರೈವರ್ರೇ ಟಿಕೆಟ್ ಕೊಡ್ತಾನೆ. ಇಬ್ಬರನ್ನ ಹಾಕಿದ್ರೆ ಆ ರೂಟ್ ಗಿಟ್ಟಲ್ಲ."

ಅವರು ಹೇಳಿದ್ದು ಸರಿಯೇ. ಅಂಥ ಊರುಗಳಿಗೆ ಬಸ್ಸು ಉಳಿಯಬೇಕೆಂದರೆ ಚಿಕ್ಕ ಬಸ್ಸು, ಒಬ್ಬನೇ ಮನುಷ್ಯ. ಬೇರೆ ದಾರಿ ಇಲ್ಲ. ಊರಿಗೆ ಬಸ್ಸು ಸಿಕ್ಕಿತು. ನಾವಿಬ್ಬರೂ ಕೂರುತ್ತಿದ್ದಂಥ ಬಸ್ಸು ಇನ್ನು ಇಲ್ಲ. ಎರಡನ್ನೂ ಒಟ್ಟಿಗೆ ನುಂಗಿಕೊಂಡು ಮನೆಗೆ ಬಂದೆ.

ಸೋಮವಾರ ರಜೆ ಹಾಕಿ ಪ್ಯಾಸೆಂಜರಾಗಿ ಹತ್ತಿದೆ. ಡ್ರೈವರ್ ಹೊಸ ಹುಡುಗ, ಗದಗ ಕಡೆಯವನು. ಒಂದು ಕೈಯಲ್ಲಿ ಗೇರು, ಇನ್ನೊಂದು ಕೈಯಲ್ಲಿ ಮೆಷಿನ್. ಪ್ರತಿ ಸ್ಟಾಪಿನಲ್ಲೂ ತಾನೇ ತಿರುಗಿ ನೋಡಿ, ತಾನೇ ಚಿಲ್ಲರೆ ಕೊಟ್ಟು, ತಾನೇ ಹೊರಡುತ್ತಿದ್ದ. ಚಿಕ್ಕ ಬಸ್ಸು ತೂಬಿನ ತಿರುವಿನಲ್ಲಿ ಸಲೀಸಾಗಿ ತಿರುಗಿತು.

ಬೇವಿನಕುಂಟೆಯಲ್ಲಿ ಇಳಿದಾಗ ಮುನಿಯಮ್ಮಜ್ಜಿ ಮಂಕರಿ ಇಟ್ಟುಕೊಂಡು ಕೂತಿದ್ದಳು. ಬೆನ್ನು ಬಾಗಿತ್ತು. ಎದ್ದು ನನ್ನ ಮುಖ ಹಿಡಿದು ನೋಡಿ ಗುರುತು ಹಚ್ಚಿದಳು. ಆಮೇಲೆ ನನ್ನನ್ನು ಸರಿಸಿ ಡ್ರೈವರ್ ಸೀಟಿನ ಕಡೆ ನೋಡಿದಳು.

"ಇವ್ನ್ಯಾರವ್ವ? ನಿನ್ ಗಂಡ ಎಲ್ಲಿ? ರಜಾನಾ?"

ಆ ಊರಿಗೆ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಬಸ್ಸು ನಿಂತ ಮೇಲೆ ಅವರಿಗೆ ಯಾರು ಹೇಳಬೇಕು? ಬೇವಿನಕುಂಟೆಯಲ್ಲಿ ನಮ್ಮವರು ಅಲ್ಲಿಯವರೆಗೂ ಬದುಕಿದ್ದರು. ನಾನು ಬಾಯಿ ತೆರೆದೆ. ಅಜ್ಜಿ ನನ್ನ ಬರಿಯ ಹಣೆ ನೋಡಿದಳು. ಕಟ್ಟೆಯ ಮೇಲೆ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

ಆಮೇಲೆ ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಡಿ, ಬಸ್ ಒಂಟೋಯ್ತದೆ" ಎಂದು ಮಂಕರಿ ಎತ್ತಿದಳು. ಇಬ್ಬರೂ ಅಕ್ಕಪಕ್ಕ ಕೂತೆವು.

ಹೊಸಹಟ್ಟಿ ಕಲ್ಲಿನ ಹತ್ತಿರ ಇಬ್ಬರು ಹೆಂಗಸರು ಹತ್ತಿದರು. "ಅಯ್ಯೋ, ಕಂಡಕ್ಟ್ರಕ್ಕ! ಅಣ್ಣ ಚೆನ್ನಾಗವ್ರಾ?" ಎಂದರು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಹೇಳಿದಳು. ಡೈರಿಯಲ್ಲಿ ಚನ್ನಪ್ಪ ಕಿಟಕಿಗೆ ಬಂದ, ತಲೆ ಪೂರಾ ಬೆಳ್ಳಗಾಗಿತ್ತು. ಅವನೂ ಕೇಳಿದ. ಅಜ್ಜಿಯೇ ಹೇಳಿದಳು. ಡ್ರೈವರ್ ಹುಡುಗ ಹಿಂತಿರುಗಿ ನನ್ನನ್ನೇ ನೋಡಿದ. ಚನ್ನಪ್ಪ ಕಿಟಕಿಯ ಸರಳು ಬಿಡುವವರೆಗೂ ಬಸ್ಸು ಹೊರಡಿಸಲಿಲ್ಲ.

ಇಟ್ಟಿಗೆ ಗೂಡಿನ ಹತ್ತಿರ ಮಗು ಎತ್ತಿಕೊಂಡ ಒಬ್ಬ ಹೆಂಗಸು ಹತ್ತಿದಳು. ನನ್ನನ್ನು ನೋಡಿದವಳೇ ಮಗುವಿಗೆ, "ನೋಡು, ಅಜ್ಜಿ ನೋಡು" ಎಂದು ತೋರಿಸಿದಳು. ಎದುರಿನ ಸೀಟಿಗೆ ಕೂತು ನಗುತ್ತಾ ಕೇಳಿದಳು, "ಅಕ್ಕ, ಮುನಿರಾಜಣ್ಣ ಈಗ ಯಾವ ರೂಟಲ್ಲಿದಾರೆ?"

ನಾನು ಮತ್ತೆ ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ಈ ಸಲ ಕಿಟಕಿಯ ಆಚೆ ನೋಡುತ್ತಾ ಕೂತಳು. ಕೈ ಮಾತ್ರ ನನ್ನ ಕೈಯ ಮೇಲೆ ಇಟ್ಟಳು.

"ನೀನೇ ಯೋಳವ್ವ" ಎಂದಳು.

ಹೇಳಿದೆ.